ಖಾಲಿ ಬಯಲಿನ ಹತ್ತೊಂಬತ್ತು ದನಗಳು

ಕೋಟೆಹಾಳದ ನೆಲಕ್ಕೆ ಕಿವಿ ಬಂದು ಹನ್ನೊಂದು ವರ್ಷವಾಗಿತ್ತು. ಕಿವಿ ಎಂದರೆ ಹೊಸ ಉಪಕರಣವೇನಲ್ಲ. ಟೆಲಿಫೋನಿಗೆ, ಇಂಟರ್‌ನೆಟ್ಟಿಗೆ ಎಂದು ಹಿಂದೆಯೇ ಬೀದಿಬೀದಿಯಲ್ಲಿ ಹುಗಿದಿದ್ದ ಗಾಜಿನ ಎಳೆಯ ಕೇಬಲ್ಲು. ಅದರೊಳಗೆ ಸೆಕೆಂಡಿಗೆ ಸಾವಿರ ಸಲ ಬೆಳಕಿನ ಮಿಡಿತ ಬಿಟ್ಟರೆ, ದಾರಿಯ ಪ್ರತಿ ಮೀಟರಿನಿಂದಲೂ ಒಂದಿಷ್ಟು ಬೆಳಕು ಹಿಂದಿರುಗುತ್ತದೆ. ಮೇಲೆ ಯಾರಾದರೂ ನಡೆದರೆ ಎಳೆ ಕಣ್ಣಿಗೆ ಕಾಣದಷ್ಟು ಅಲುಗುತ್ತದೆ, ಆ ಜಾಗದಿಂದ ಬರುವ ಬೆಳಕು ಬದಲಾಗುತ್ತದೆ. ಆ ಬದಲಾವಣೆಯನ್ನು ಓದಿ ಇದು ಲಾರಿ, ಇದು ಮನುಷ್ಯ, ಇದು ದನ ಎಂದು ಗುರುತಿಸುವುದನ್ನು ಯಂತ್ರಕ್ಕೆ ಕಲಿಸಿದ್ದು ಉತ್ತರ ಸಮುದ್ರದ ತೀರದ ಒಂದು ಬಂದರು ನಗರ. ಕ್ಯಾಮೆರಾ ಹಾಕಿದ್ದರೆ ಜನ ಒಪ್ಪುತ್ತಿರಲಿಲ್ಲ. ಇದಕ್ಕೆ ಮುಖ ಗೊತ್ತಿಲ್ಲ, ಹೆಸರು ಗೊತ್ತಿಲ್ಲ, ಹೆಜ್ಜೆ ಮಾತ್ರ ಗೊತ್ತು ಎಂದಾಗ ಒಪ್ಪಿದರು.

ಆ ವಿದ್ಯೆ ಕೋಟೆಹಾಳಕ್ಕೆ ಬಂದದ್ದು ಲೋಕನೆಲ ಕೂಟದ ಮೂಲಕ. ಇಪ್ಪತ್ಮೂರು ನಗರಗಳ ಕೂಟ ಅದು. ನಗರದ ನೆಲವನ್ನು ಯಾರಿಗೆ, ಹೇಗೆ, ಯಾವ ನ್ಯಾಯದಲ್ಲಿ ಹಂಚಬೇಕು ಎಂಬ ಬಗ್ಗೆ ಪ್ರತಿ ನಗರವೂ ತನಗೆ ಗೊತ್ತಿರುವ ಒಂದು ಪಾಠವನ್ನು ಉಳಿದವರಿಗೆ ಕೊಡಬೇಕು, ಉಳಿದವರಿಂದ ಒಂದನ್ನು ತೆಗೆದುಕೊಳ್ಳಬೇಕು. ಕೋಟೆಹಾಳ ತೆಗೆದುಕೊಂಡದ್ದು ಬಂದರು ನಗರದ ಬಯಲು ನಿಯಮವನ್ನು. ಕಾಗದಪತ್ರವಿಲ್ಲದ ಜಾಗದಲ್ಲಿ ಮೂರು ವರ್ಷ ಮನುಷ್ಯರ ಹೆಜ್ಜೆ ಕೇಳಿಸದಿದ್ದರೆ ಆ ಜಾಗ ಖಾಲಿ. ಅದು ಮನೆಯಿಲ್ಲದವರಿಗೆ ಹೋಗಬೇಕು. ಹತ್ತು ವರ್ಷ ಬಿಡದೆ ಮನುಷ್ಯರ ಸಂಸಾರದ ಹೆಜ್ಜೆ ಕೇಳಿಸಿದ್ದರೆ ಅಲ್ಲಿದ್ದವರನ್ನು ಕದಲಿಸುವಂತಿಲ್ಲ. ಬಂದರು ನಗರದಲ್ಲಿ ಈ ನಿಯಮದಿಂದ ಒಂಬತ್ತು ಸಾವಿರ ಕುಟುಂಬಗಳಿಗೆ ಸೂರು ಸಿಕ್ಕಿತ್ತು. ಕೇಳಿದವರು ಯಾರೂ ಇದನ್ನು ಕೆಟ್ಟ ನಿಯಮ ಎನ್ನುವಂತಿರಲಿಲ್ಲ.

ನಗರ ಭೂದಾಖಲೆ ಅಧಿಕಾರಿ ಅನ್ನಪೂರ್ಣಾ ತೊರಗಲ್ಲ ಕೂಡ ಹಾಗೆಯೇ ನಂಬಿದ್ದಳು. ಹಳೇ ಪೇಟೆಯ ಹಿಂದಿನ ಎರಡೆಕರೆ ಬಯಲು ಖಾಲಿ ಎಂದು ಆ ತಿಂಗಳ ಮೂರನೇ ತಾರೀಖು ರುಜು ಹಾಕಿದವಳು ಅವಳೇ. ಯಂತ್ರದ ವರದಿ ಸ್ಪಷ್ಟವಾಗಿತ್ತು: ಮೂರು ವರ್ಷವೂ ಮುಂಜಾನೆ ಐದರಿಂದ ಎಂಟೂವರೆವರೆಗೆ ದಿನಕ್ಕೆ ಸುಮಾರು ಹತ್ತೊಂಬತ್ತು ದನ, ಉಳಿದ ಹೊತ್ತು ಒಂದೆರಡು ದನ, ಬೇರೇನೂ ಇಲ್ಲ. ನಿಯಮದಂತೆ ಸ್ಥಳಕ್ಕೂ ಹೋಗಿ ಬಂದಿದ್ದಳು. ಹೋದದ್ದು ಹನ್ನೊಂದು ಗಂಟೆಗೆ. ಬಯಲಿನ ನಡುವೆ ಎರಡು ಬೀಡಾಡಿ ಆಕಳು ಮಲಗಿ ಮೆಲುಕು ಹಾಕುತ್ತಿದ್ದವು. ವರದಿಗೂ ಕಣ್ಣಿಗೂ ತಾಳೆಯಾಗಿತ್ತು. ನೂರಹನ್ನೆರಡು ಕುಟುಂಬಗಳಿಗೆ ನಿವೇಶನದ ಪತ್ರ ಹೋಯಿತು. ಮುಚ್ಚಿದ ಹತ್ತಿ ಗಿರಣಿಯ ಅಂಗಳದಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ಜನ ಅವರು. ಮೊದಲ ಪತ್ರವನ್ನು ಗೋಣಿಚೀಲ ಹೊಲಿಯುವ ಮಾಬೂಬಿ ಎಂಬ ಹೆಂಗಸಿಗೆ ಅನ್ನಪೂರ್ಣಾ ಕೈಯಾರೆ ಕೊಟ್ಟಿದ್ದಳು. ರುಜು ಹಿಂತೆಗೆದುಕೊಳ್ಳಲು ಅಧಿಕಾರಿಗೆ ಮೂವತ್ತು ದಿನದ ಅವಕಾಶವಿತ್ತು. ಮೂವತ್ತೊಂದನೆಯ ದಿನ ಪಾಯ ತೋಡುವ ಯಂತ್ರ ಬರುವುದಿತ್ತು.

ಹದಿನೆಂಟನೆಯ ದಿನ ಸಂಗಪ್ಪ ಹಟಗಾರ ಬಂದ. ಎಪ್ಪತ್ತು ದಾಟಿದ ನೇಕಾರ. ನೆಲದ ಕೋಣೆ ಎಂದು ಎಲ್ಲರೂ ಕರೆಯುತ್ತಿದ್ದ ನಿಯಂತ್ರಣ ಕೊಠಡಿಯ ಬಾಗಿಲಲ್ಲಿ, ಬೇಕಾಗಿಲ್ಲ ಎಂದು ಕಾವಲಿನವನು ಹೇಳಿದರೂ ಕೇಳದೆ, ಚಪ್ಪಲಿ ಬಿಟ್ಟು ಒಳಗೆ ಬಂದ. ಗೋಡೆಯ ತುಂಬ ಹರಡಿದ್ದ ನಗರದ ನಕ್ಷೆಯನ್ನು ಒಮ್ಮೆ ನೋಡಿ, ಅದರಲ್ಲಿ ತನಗೇನೂ ಕೆಲಸವಿಲ್ಲ ಎಂಬಂತೆ ಅವಳ ಕಡೆ ತಿರುಗಿದ. ಬಯಲಿನಲ್ಲಿ ಕೆಂಪು ಗೂಟ ಬಡಿದಿದ್ದಾರೆ, ಅಲ್ಲಿ ನೂಲು ಎಳೆಯಲು ಆಗುತ್ತಿಲ್ಲ, ಯಾರನ್ನು ಕೇಳಬೇಕು ಎಂದ. ಅನ್ನಪೂರ್ಣಾ ಅವನನ್ನು ಕೂರಿಸಿ ವರದಿ ತೋರಿಸಿದಳು. ಯಂತ್ರ ಎಲ್ಲಿಂದ ಬಂತು, ಎಷ್ಟು ನಗರಗಳು ಬಳಸುತ್ತಿವೆ ಎಂದು ತಿಳಿಸಿ ಹೇಳಿದಳು. ಅವನು ತಾಳ್ಮೆಯಿಂದ ಕೇಳಿದ. ಹತ್ತೊಂಬತ್ತು ದನ ಎಂಬಲ್ಲಿಗೆ ಬಂದಾಗ ಕೈ ಎತ್ತಿ ತಡೆದ.

"ಬಾಯಾರ, ಅಲ್ಲಿ ದನ ಬಿಡಂಗಿಲ್ಲರೀ. ಗಂಜಿ ಹಚ್ಚಿದ ನೂಲಿಗೆ ಒಂದ ಆಕಳಾ ಬಾಯಿ ಹಾಕಿದ್ರ ಎಂಟು ಸೀರಿ ಹಾಸು ಹ್ವಾದಂಗ. ನಾವಽ ಇರ್ತೀವಿ ಅಲ್ಲಿ. ಮೂವತ್ತೆಂಟು ಮಂದಿ."

"ಯಂತ್ರಕ್ಕ ನೀವು ಕಾಣಿಸಿಲ್ಲರೀ, ಯಜಮಾನ್ರ."

"ಹಂಗಾರ ನೀವು ಬಂದು ನೋಡ್ರಿ. ಮುಂಜಾನೆ ಬರ್ರಿ ಮತ್ತ. ಬಿಸಲೇರಿದ ಮ್ಯಾಲ ದನಾನಽ ಕಾಣೂದು."

ಮಾತು ಚುಚ್ಚಿತು. ಆದರೆ ಅವಳ ತಲೆಯಲ್ಲಿ ನಿಂತದ್ದು ಮೂವತ್ತೆಂಟು ಎಂಬ ಸಂಖ್ಯೆ. ಅದು ಹತ್ತೊಂಬತ್ತರ ಸರಿಯಾಗಿ ಎರಡರಷ್ಟು.

ಮರುದಿನ ಆರಕ್ಕೆ ಅವಳು ಬಯಲಿಗೆ ಹೋದಳು. ಕೋಟೆಹಾಳದಲ್ಲಿ ಆಗ ಅರವತ್ತೇಳು ಕೈಮಗ್ಗಗಳಿದ್ದವು. ಯಂತ್ರದ ಬಟ್ಟೆ ಕಾಗದಕ್ಕಿಂತ ಅಗ್ಗವಾದ ಮೇಲೆ ಕೈಮಗ್ಗದ ಸೀರೆಗೆ ಬೇಡಿಕೆ ಏರಿತ್ತು, ನಿಂತ ಮಗ್ಗಗಳು ಮತ್ತೆ ಆಡತೊಡಗಿದ್ದವು. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲನ್ನು, ಎಂದರೆ ಬಟ್ಟೆಯ ಉದ್ದಕ್ಕೆ ಬರುವ ಎಳೆಗಳನ್ನು, ಅರವತ್ತು ಮೀಟರು ಉದ್ದಕ್ಕೆ ಬಿಗಿಯಾಗಿ ಎಳೆದು, ಗಂಜಿ ಹಚ್ಚಿ, ಬಿಸಿಲು ಕಾಯುವುದರೊಳಗೆ ಒಣಗಿಸಬೇಕು. ಅದಕ್ಕೆ ಯಾವ ಮನೆಯೂ ಸಾಲದು, ಯಾವ ಓಣಿಯೂ ಸಾಲದು. ಬಯಲಿನಲ್ಲಿ ಐದು ಸಾಲು ನೂಲು ಹಬ್ಬಿತ್ತು, ನೀಲಿ, ಕೆಂಪು, ಹಸಿರು. ಪ್ರತಿ ಸಾಲಿನ ಎರಡೂ ಬದಿಯಲ್ಲಿ ಎದುರುಬದುರಾಗಿ ಜೋಡಿ ಜೋಡಿ ಜನ ಒಂದೇ ಲಯದಲ್ಲಿ ಅಡ್ಡ ಹೆಜ್ಜೆಯಿಡುತ್ತ ದೊಡ್ಡ ಕುಂಚದಿಂದ ಗಂಜಿ ತೀಡುತ್ತಿದ್ದರು. ಒಬ್ಬರು ಮುಂದೆ ಸರಿದರೆ ಎದುರಿನವರೂ ಸರಿಯಬೇಕು. ಇಲ್ಲದಿದ್ದರೆ ಎಳೆ ಅಂಟಿಕೊಳ್ಳುತ್ತದೆ. ಬಯಲಿನ ಅಂಚಿನಲ್ಲಿ ಅವರ ಚಪ್ಪಲಿಗಳ ಉದ್ದನೆಯ ಸಾಲಿತ್ತು.

ಅನ್ನಪೂರ್ಣಾ ಅಂಚಿನಲ್ಲೇ ನಿಂತು ಕೈಯಲ್ಲಿದ್ದ ಫಲಕ ತೆರೆದಳು. ಯಂತ್ರ ಆ ಕ್ಷಣದಲ್ಲಿ ಕೇಳುತ್ತಿದ್ದದ್ದು ಅದರಲ್ಲಿ ಮೂಡಿತು: ದನ, ಹತ್ತೊಂಬತ್ತು. ಎದುರಿಗೆ ಮೂವತ್ತೆಂಟು ಜನ ನಗುತ್ತ, ಮಾತಾಡುತ್ತ ಕೆಲಸ ಮಾಡುತ್ತಿದ್ದರು. ಫಲಕದ ಮೇಲೆ ಹತ್ತೊಂಬತ್ತು ದನ ನಿಧಾನಕ್ಕೆ ಸರಿದಾಡುತ್ತಿದ್ದವು. ಬಯಲಿನ ಅಂಚಿನಲ್ಲಿ ಒಂದೇ ಒಂದು ಮನುಷ್ಯನ ಗುರುತಿತ್ತು. ಅದು ಬೂಟು ತೊಟ್ಟು ನಿಂತ ಜಾಗದಲ್ಲೇ ಕಾಲು ಬದಲಿಸುತ್ತಿದ್ದ ಅವಳದ್ದು.

ಜೋಡಿ ಹೆಜ್ಜೆ ನಾಲ್ಕು ಕಾಲಾಗಿ ಕೇಳಿಸಿದೆ ಎಂಬುದು ಅಲ್ಲೇ ಹೊಳೆಯಿತು. ಆದರೆ ಅಷ್ಟೇ ಸಾಲದು. ಲೋಕದಲ್ಲೆಲ್ಲ ಗಂಡ ಹೆಂಡತಿ ಜೊತೆಯಾಗಿ ನಡೆಯುತ್ತಾರೆ; ಅವರೆಲ್ಲ ದನವಾಗುವುದಿಲ್ಲ. ಬೇರೇನೋ ಇತ್ತು.

ಅದು ತಿಳಿದದ್ದು ಆ ಸಂಜೆ ಮನೆಯಲ್ಲಿ. ಅವಳ ಅತ್ತೆ ಗೌರವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅನ್ನಪೂರ್ಣಾ ಊಟದ ಮೇಜಿನ ಮೇಲೆ ಫಲಕವಿಟ್ಟುಕೊಂಡು, ಹೋಲಿಸಿ ನೋಡಲೆಂದು ತಮ್ಮದೇ ಓಣಿಯ ದಾಖಲೆ ತೆರೆದಳು. ಮನೆಪತ್ರ ಇರುವವರ ಓಣಿಗಳನ್ನು ಯಾರೂ ಹೀಗೆ ತೆರೆದು ನೋಡುತ್ತಿರಲಿಲ್ಲ. ಅಲ್ಲಿನ ಹಕ್ಕು ಕಾಗದದಲ್ಲೇ ಇತ್ತು, ಯಂತ್ರವನ್ನು ಕೇಳುವ ಅಗತ್ಯವಿರಲಿಲ್ಲ. ತಮ್ಮ ಮನೆಯ ಮುಂದಿನ ಅಂಗಳದಲ್ಲಿ ಮುಂಜಾನೆ ಐದೂ ಹತ್ತಕ್ಕೆ ದಿನವೂ ಒಂದೇ ಬರಹ: ಸಣ್ಣ ಜಾನುವಾರು, ಒಂದು.

ಅತ್ತೆ ಎಷ್ಟು ಗಂಟೆಗೆ ಅಂಗಳ ಗುಡಿಸಿ ರಂಗೋಲಿ ಹಾಕುತ್ತಾರೆ ಎಂದು ಕೇಳಿದಳು. ಸೊಸೆ ಏಳುವುದು ಎಷ್ಟಕ್ಕೆ ಎಂದು ತಾನೂ ಕೇಳಬಹುದು ಎಂದು ಗೌರವ್ವ ಉತ್ತರಿಸಿ, ಆಮೇಲೆ ಐದಕ್ಕೆ ಎಂದಳು. ಅನ್ನಪೂರ್ಣಾ ಫಲಕ ತೋರಿಸಿ ವಿಷಯ ಹೇಳಲೇಬೇಕಾಯಿತು.

"ಕುರಿ ಅಂತ ಬರದೈತೇನ?"

"ಕುರಿ ಅಂತಲ್ಲ ಅತ್ತಿ. ಸಣ್ಣ ಜಾನುವಾರು. ಆಡೂ ಇರಬಹುದು."

"ನಲವತ್ತು ವರ್ಷ ಆತು ಈ ಅಂಗಳಾ ಬಳೀಲಿಕ್ಕತ್ತು. ನಿಮ್ಮ ಸರಕಾರ ಈಗ ಆಡು ಅಂತು." ಗೌರವ್ವ ಕೈ ತೊಳೆದುಕೊಂಡಳು. "ನೀ ಹ್ವಾದ್ರ ಏನಂತೈತಿ ಅದು?"

ಅನ್ನಪೂರ್ಣಾ ಬೂಟು ಹಾಕಿಕೊಂಡು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿದಳು. ಮನುಷ್ಯ. ಬಿಚ್ಚಿ ನಡೆದಳು. ಸಣ್ಣ ಜಾನುವಾರು. ಗೌರವ್ವನಿಗೆ ಇದು ರೊಟ್ಟಿಗಿಂತ ಮುಖ್ಯವಾಯಿತು. ಒಲೆ ಆರಿಸಿ ಬಂದು ಸೊಸೆಯ ಬೂಟಿನಲ್ಲಿ ಕಾಲು ತೂರಿಸಿ, ಸೀರೆ ತುಸು ಎತ್ತಿ ಹಿಡಿದು, ಅಂಗಳದ ಈ ತುದಿಯಿಂದ ಆ ತುದಿಗೆ ನಡೆದಳು. ಓಣಿಯವರು ಕಟ್ಟೆಯ ಮೇಲಿಂದ ನೋಡುತ್ತಿದ್ದರು. ಫಲಕ ಮನುಷ್ಯ ಎಂದಿತು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಪಾಸಾದೆ ಎಂದು ಗೌರವ್ವ ಓಣಿಗೆಲ್ಲ ಕೇಳುವಂತೆ ಹೇಳಿ ಒಳಗೆ ಹೋದಳು.

ಬೂಟಿನ ಹಿಮ್ಮಡಿ ಗಟ್ಟಿ. ಅದು ನೆಲಕ್ಕೆ ಮೊದಲು ಬಡಿಯುತ್ತದೆ, ಆಮೇಲೆ ಮುಂಗಾಲು. ಒಂದು ಹೆಜ್ಜೆಗೆ ಚೂಪಾದ ಎರಡು ಬಡಿತ. ಯಂತ್ರ ಮನುಷ್ಯನನ್ನು ಗುರುತಿಸುತ್ತಿದ್ದದ್ದು ಆ ಎರಡು ಬಡಿತದಿಂದ. ಬರಿಗಾಲು ನೆಲವನ್ನು ಮೆಲ್ಲಗೆ, ಅಗಲವಾಗಿ ಒತ್ತುತ್ತದೆ. ಎರಡು ಬಡಿತವೂ ಕರಗಿ ಒಂದಾಗಿರುತ್ತವೆ. ಯಂತ್ರಕ್ಕೆ ಅದು ಮನುಷ್ಯನ ಹೆಜ್ಜೆಯೇ ಆಗಿರಲಿಲ್ಲ.

ನಗರದ ಆಯುಕ್ತರು ಮೈಸೂರು ಕಡೆಯವರು, ಒಳ್ಳೆಯವರು, ಆತುರದವರು. ಅವಳ ಮಾತನ್ನು ಪೂರ್ತಿ ಕೇಳಿ ಹಣೆ ಉಜ್ಜಿಕೊಂಡರು. ನೂರಹನ್ನೆರಡು ಕುಟುಂಬಕ್ಕೆ ಪತ್ರ ಹೋಗಿದೆ, ಶಂಕುಸ್ಥಾಪನೆಗೆ ಮಂತ್ರಿಗಳು ದಿನ ಕೊಟ್ಟಿದ್ದಾರೆ ಎಂದರು. ಇಪ್ಪತ್ಮೂರು ನಗರಗಳಲ್ಲಿ ನಡೆಯುತ್ತಿರುವ ಯಂತ್ರ ತಪ್ಪು ಎನ್ನಲು ನಿಮ್ಮ ಅತ್ತೆಯ ಅಂಗಳ ಸಾಕ್ಷಿಯಾಗಲಾರದು ಎಂದೂ ಹೇಳಿದರು. ಅದು ನಿಜವೇ ಆಗಿತ್ತು. ನೇಕಾರರು ಒಂದು ದಿನ ಬೂಟು ತೊಟ್ಟು ಕೆಲಸ ಮಾಡಲಿ, ಲೆಕ್ಕ ಸಿಗುತ್ತದೆ ಎಂದು ಸೂಚಿಸಿದರು. ಅನ್ನಪೂರ್ಣಾ ಅದನ್ನು ಆಗಲೇ ಕೇಳಿ ನೋಡಿದ್ದಳು. ಹಾಸು ಹರಡಿದ ನೆಲದಲ್ಲಿ ಕಾಲಲ್ಲಿ ಏನಾದರೂ ಹಾಕಿಕೊಂಡು ನಡೆದವರು ತನ್ನ ಅಜ್ಜನ ಕಾಲದಲ್ಲೂ ಇಲ್ಲ, ಜಾಗ ಹೋದರೂ ಅದೊಂದು ಆಗದು ಎಂದು ಸಂಗಪ್ಪ ಕಡ್ಡಿ ಮುರಿದಂತೆ ಹೇಳಿದ್ದ.

ಹಾಗಾಗಿ ಪರೀಕ್ಷೆ ಕಚೇರಿಯ ಅಂಗಳದಲ್ಲಿ ನಡೆಯಿತು. ಇಪ್ಪತ್ತು ಮಂದಿ ಸಿಬ್ಬಂದಿ ಬೂಟು ಚಪ್ಪಲಿ ಹಾಕಿಕೊಂಡು ಅಂಗಳ ಸುತ್ತಿದರು: ಮನುಷ್ಯರು, ಇಪ್ಪತ್ತು. ಎಲ್ಲರೂ ಬಿಚ್ಚಿಟ್ಟು ಸುತ್ತಿದರು: ಮನುಷ್ಯರು, ಮೂರು, ಜಾನುವಾರು, ಹದಿನೇಳು. ಮೂವರು ಯಾಕೆ ಎಂದು ನೋಡಿದರೆ ಅವರು ಬಿಸಿಲಿಗೆ ಅಂಜಿ ಕಾಲುಚೀಲ ಬಿಚ್ಚದೆ ಹಿಮ್ಮಡಿಯ ಮೇಲೆ ಬಿರಬಿರನೆ ನಡೆದಿದ್ದರು. ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ ಆಯುಕ್ತರು ಕಡೆಗೆ ತಾವೂ ಬೂಟು ಬಿಚ್ಚಿ ಅಂಗಳಕ್ಕಿಳಿದರು. ಅವರು ದಪ್ಪ ಮೈಯವರು. ಫಲಕದಲ್ಲಿ ಬಂದದ್ದನ್ನು ಓದಲು ಅನ್ನಪೂರ್ಣಾ ಹಿಂಜರಿದಳು.

"ಹೇಳಿ, ಪರವಾಗಿಲ್ಲ," ಎಂದರು ಆಯುಕ್ತರು.

"ದೊಡ್ಡ ಜಾನುವಾರು, ಸರ್."

ಅವರು ನಗಲಿಲ್ಲ. ಬೂಟು ಕೈಯಲ್ಲೇ ಹಿಡಿದುಕೊಂಡು, ಕೂಟದ ತುರ್ತು ಸಭೆ ಕರೆಯಿರಿ ಎಂದರು.

ಸಭೆ ಕೋಟೆಹಾಳದ ಮಧ್ಯಾಹ್ನ ಮೂರಕ್ಕೆ ಸೇರಿತು. ಗೋಡೆಯ ಪರದೆಯಲ್ಲಿ ಇಪ್ಪತ್ತೆರಡು ಮುಖ. ಅನ್ನಪೂರ್ಣಾ ಅಂಕಿಗಳನ್ನು ಒಂದೊಂದಾಗಿ ಮುಂದಿಟ್ಟಳು. ಬಂದರು ನಗರದ ಎಂಜಿನಿಯರ್ ಯೊಹಾನ್ ತಕರಾರು ಮಾಡಲಿಲ್ಲ. ಯಂತ್ರಕ್ಕೆ ಕಲಿಸಲು ನಾಲ್ಕು ಲಕ್ಷ ಹೆಜ್ಜೆ ಬಳಸಿದ್ದಾಗಿ ಹೇಳಿದ. ಅದರಲ್ಲಿ ಬರಿಗಾಲಿನವು ಎಷ್ಟು ಎಂದು ಅವಳು ಕೇಳಿದಾಗ, ಹಳೆಯ ಕಡತ ತೆಗೆದು ಬಹಳ ಹೊತ್ತು ಓದಿದ. ಬೇಸಿಗೆಯಲ್ಲಿ ಎರಡು ವಾರ ಕಡಲ ತೀರದಲ್ಲಿ ಸಿಕ್ಕಿದ್ದವು, ಮಾದರಿಗೆ ಹೊಂದುತ್ತಿಲ್ಲವೆಂದು ಬೇಡದ ಸದ್ದಿನ ಪಟ್ಟಿಗೆ ಸೇರಿಸಿ ತೆಗೆದುಹಾಕಿದ್ದೆವು ಎಂದ. ತೆಗೆದುಹಾಕಿದವನು ತಾನೇ ಎಂದೂ ಹೇಳಿದ.

ಆಮೇಲೆ ಮಾತಾಡಿದವಳು ಪೂರ್ವ ಆಫ್ರಿಕಾದ ಸರೋವರ ತೀರದ ನಗರದ ಗ್ರೇಸ್ ಅಚಿಯೆಂಗ್. ಇಬ್ಬರಿಗೂ ಆರು ವರ್ಷದ ಪರಿಚಯ. ಕೆರೆಯಂಗಳದ ಒತ್ತುವರಿ ತಡೆಯಲು ಕೋಟೆಹಾಳ ಕೊಟ್ಟ ಪಾಠವನ್ನು ಮೊದಲು ತೆಗೆದುಕೊಂಡವಳು ಅವಳು. ತಮ್ಮ ದಡದಲ್ಲಿ ಆಡುಗಳು ವಿಪರೀತ ಹೆಚ್ಚಿವೆ ಎಂದು ಯಂತ್ರ ಹೇಳಿದ್ದನ್ನು ನಂಬಿ ಪಶು ಇಲಾಖೆಯವರು ಒಮ್ಮೆ ಎರಡು ಗಾಡಿ ಲಸಿಕೆ ತಂದಿದ್ದರು, ಒಂದು ಆಡೂ ಸಿಗದೆ ಹಿಂದಿರುಗಿದ್ದರು, ಅದನ್ನು ನಾವು ತಮಾಷೆಯಾಗಿ ಹೇಳಿಕೊಳ್ಳುತ್ತಿದ್ದೆವು ಎಂದಳು. ಪರದೆಯಲ್ಲಿ ಕೆಲವರು ನಕ್ಕರು. ಗ್ರೇಸ್ ನಗಲಿಲ್ಲ.

"ಆ ದಡದಲ್ಲಿ ಮೀನು ಒಣಗಿಸುವ ಹೆಂಗಸರಿದ್ದರು," ಎಂದಳು. "ಮರಳಿನ ಮೇಲೆ ಬರಿಗಾಲಲ್ಲಿ. ಜಾಗ ಖಾಲಿ ಎಂದು ನಾನು ಬರೆದುಕೊಟ್ಟೆ. ನಿಮಗೆ ಇನ್ನೂ ಹತ್ತು ದಿನ ಇದೆ, ಅನ್ನಪೂರ್ಣಾ. ನನ್ನದು ಮುಗಿದು ಎರಡು ವರ್ಷವಾಯಿತು."

ಆಮೇಲೆ ಯೊಹಾನ್ ಕೆಲಸದ ಮಾತಿಗೆ ಬಂದ. ಯಂತ್ರಕ್ಕೆ ಮತ್ತೆ ಕಲಿಸಬೇಕು, ಅದಕ್ಕೆ ಬರಿಗಾಲಿನ ಹೆಜ್ಜೆ ಬೇಕು, ಎಷ್ಟು ಸಿಕ್ಕರೆ ಅಷ್ಟು. ಮುಂದಿನ ಒಂದು ವಾರ ಸಂಗಪ್ಪನ ಜನ ಎಂದಿನಂತೆ ಹಾಸು ತೀಡಿದರು. ಅವರು ವಿಶೇಷವಾಗಿ ಮಾಡಬೇಕಾದ್ದೇನೂ ಇರಲಿಲ್ಲ. ಗ್ರೇಸಳ ನಗರ ತನ್ನ ದಾಖಲೆಯಲ್ಲಿದ್ದ ಹಳೆಯ ಆಡುಗಳನ್ನೆಲ್ಲ ಕಳಿಸಿತು. ಇನ್ನೂ ಏಳು ನಗರಗಳು ತಮ್ಮ ತಮ್ಮ ದನ, ಕುರಿ, ನಾಯಿಗಳನ್ನು ಕಳಿಸಿದವು. ಕೂಟ ಹುಟ್ಟಿದಾಗಿನಿಂದ ಇಷ್ಟು ಬೇಗ ಇಷ್ಟು ಕೈ ಬದಲಾದ ಪಾಠ ಬೇರೆ ಇರಲಿಲ್ಲ. ಇಪ್ಪತ್ತೆಂಟನೆಯ ದಿನ ಯಂತ್ರ ಬಯಲನ್ನು ಹೊಸದಾಗಿ ಓದಿತು: ಮನುಷ್ಯರು, ಮೂವತ್ತೆಂಟು. ಅನ್ನಪೂರ್ಣಾ ರುಜು ಹಿಂತೆಗೆದುಕೊಂಡಳು. ಕೆಂಪು ಗೂಟಗಳನ್ನು ನೇಕಾರರೇ ಕಿತ್ತು, ಎಣಿಸಿ, ಕಟ್ಟು ಕಟ್ಟಿ ಕಚೇರಿಗೆ ತಂದೊಪ್ಪಿಸಿದರು. ಸಂಗಪ್ಪ ಧನ್ಯವಾದ ಹೇಳಲಿಲ್ಲ. ತಮ್ಮದನ್ನು ತಮಗೆ ಬಿಟ್ಟದ್ದಕ್ಕೆ ಹೇಳುವ ಅಗತ್ಯವಿದೆ ಎಂದು ಅವಳಿಗೂ ಅನ್ನಿಸಲಿಲ್ಲ.

ಉಳಿದದ್ದು ಗಿರಣಿಯ ಅಂಗಳಕ್ಕೆ ಹೋಗುವ ಕೆಲಸ. ನೋಟಿಸು ಕಳಿಸಿದರೆ ಸಾಕು ಎಂದು ವಸತಿ ವಿಭಾಗದವರು ಹೇಳಿದರು. ಪತ್ರವನ್ನು ಕೈಯಾರೆ ಕೊಟ್ಟವಳು ಅಂಚೆಯಲ್ಲಿ ಹಿಂದಕ್ಕೆ ಕೇಳುವುದು ಅನ್ನಪೂರ್ಣಾಳಿಗೆ ಸರಿ ಕಾಣಲಿಲ್ಲ.

ಮಾಬೂಬಿ ಶೆಡ್ಡಿನ ಮುಂದೆ ಕೂತು ಗೋಣಿಚೀಲ ಹೊಲಿಯುತ್ತಿದ್ದಳು. ಅನ್ನಪೂರ್ಣಾಳನ್ನು ಕಂಡು ಎದ್ದು ಮಣೆ ಕೊಟ್ಟು, ಒಳಗಿದ್ದವರಿಗೆ ಚಹಾಕ್ಕೆ ನೀರಿಡಲು ಹೇಳಿದಳು. ಪಾಯ ಯಾವತ್ತು ಎಂದು ಕೇಳಿದಳು. ಅನ್ನಪೂರ್ಣಾ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು: ಬಯಲು ಖಾಲಿ ಇರಲಿಲ್ಲ, ಖಾಲಿ ಎಂದು ಬರೆದದ್ದು ತನ್ನ ತಪ್ಪು, ನಿವೇಶನ ರದ್ದಾಗಿದೆ. ಚಹಾ ಬಂತು. ಇಬ್ಬರೂ ಮುಟ್ಟಲಿಲ್ಲ.

"ನೇಕಾರ್ರು ಎಲ್ಲಿ ಹೋಗಬೇಕು ಬಿಡ್ರಿ ಮತ್ತ," ಎಂದಳು ಮಾಬೂಬಿ. "ಅವರೂ ದುಡಕೊಂಡು ತಿನ್ನಾವ್ರು. ನಮ್ಮದು ನಲವತ್ತೇಳನೇ ನಂಬರ್ ಜಾಗಾ ಅಂತ, ಬಾಗಲಾ ಯಾವ ಕಡೆ ಇಡೂದು ಅನ್ನೂದಕ್ಕೂ ಜಗಳಾಡಿದ್ವಿ ಮನ್ಯಾಗ." ಸೂಜಿಗೆ ದಾರ ಪೋಣಿಸಿದಳು, ಹೊಲಿಯಲಿಲ್ಲ. "ಅಕ್ಕಾರ, ಒಂದು ಕೇಳ್ಲೇನು? ನಿಮ್ಮ ಮಷೀನು ಇಲ್ಲೂ ಕೇಳತೈತೇನು? ಇಲ್ಲಿ ಏನ ಬರಕೊಂಡೈತಿ?"

ಅದನ್ನು ಅನ್ನಪೂರ್ಣಾ ನೋಡಿರಲಿಲ್ಲ. ಮನೆಗೆ ಕಾದವರ ಪಟ್ಟಿ ವಸತಿ ವಿಭಾಗದಲ್ಲಿತ್ತು, ನೆಲದ ಓದು ಅವಳ ವಿಭಾಗದಲ್ಲಿತ್ತು. ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡುವುದು ಯಾರ ಕೆಲಸವೂ ಆಗಿರಲಿಲ್ಲ. ಫಲಕ ತೆರೆದಳು. ಗಿರಣಿಯ ಗುತ್ತಿಗೆ ಮುಗಿದು ಹದಿಮೂರು ವರ್ಷ, ಕಾಗದದ ಪ್ರಕಾರ ಜಾಗಕ್ಕೆ ಒಡೆಯರಿಲ್ಲ. ಹಳೆಯ ಓದಿನಲ್ಲಿ ಮನುಷ್ಯರು ಅರವತ್ತೊಂದು, ಅಲ್ಲಲ್ಲಿ, ತಾತ್ಕಾಲಿಕ. ಜಾನುವಾರು ಮುನ್ನೂರ ನಲವತ್ತು.

"ಇಲ್ಲಿ ಆಡು ಇದ್ದದ್ದು ಎರಡಽ ಎರಡು," ಎಂದಳು ಮಾಬೂಬಿ. "ಬಕ್ರೀದಿಗೆ ಹ್ವಾದೂವು."

ಅನ್ನಪೂರ್ಣಾ ಸುತ್ತ ನೋಡಿದಳು. ಸಗಣಿ ಸಾರಿಸಿದ ನೆಲ. ಪ್ರತಿ ತಗಡಿನ ಬಾಗಿಲಿನ ಹೊರಗೆ ಚಪ್ಪಲಿಗಳು. ಹೊಸ ಓದಿಗೆ ಆದೇಶ ಕೊಟ್ಟಳು. ಯಂತ್ರ ಹನ್ನೊಂದು ವರ್ಷದ ಹೆಜ್ಜೆಗಳನ್ನು ಮತ್ತೊಮ್ಮೆ ಕೇಳಿ ಮುಗಿಸಲು ಚಹಾ ಆರುವಷ್ಟು ಹೊತ್ತು ಬೇಕಾಯಿತು. ಮನುಷ್ಯರು, ಮುನ್ನೂರ ತೊಂಬತ್ತೊಂಬತ್ತು. ಜಾನುವಾರು, ಎರಡು. ಸಂಸಾರದ ಹೆಜ್ಜೆ, ಹತ್ತು ವರ್ಷ ಎಂಟು ತಿಂಗಳಿಂದ, ಬಿಡದೆ.

ಅವಳು ಆ ಅಂಕಿಗಳನ್ನು ಎರಡು ಸಲ ಓದಿದಳು. ಆಮೇಲೆ ಅದರ ಅರ್ಥವನ್ನು ಅಳೆದು ತೂಗಿ ಹೇಳಿದಳು: ಇದರಿಂದ ನಾಳೆಯೇ ಮನೆ ಏಳುವುದಿಲ್ಲ. ಗಿರಣಿಯ ಹಳೆಯ ಮಾಲೀಕರು ಕೋರ್ಟಿಗೆ ಹೋಗಬಹುದು. ಆದರೆ ನಿಯಮದ ಪ್ರಕಾರ ನಿಮ್ಮನ್ನು ಇಲ್ಲಿಂದ ಕದಲಿಸುವಂತಿಲ್ಲ, ಇಲ್ಲಿಗೇ ನೀರು, ಚರಂಡಿ, ಹಕ್ಕುಪತ್ರ ಕೇಳಬಹುದು.

"ಅಂದ್ರ ಮನಿ ಇಲ್ಲ, ಜಾಗಾ ಐತಿ ಅಂತೀರಿ."

"ಜಾಗಾ ಐತಿ ಅಂತ ಅರ್ಜಿ ಹಾಕ್ಲಿಕ್ಕೆ ಬರತೈತಿ ಅಂತೀನಿ. ಹಾಕಿದ್ರ ನಾನಽ ರುಜು ಮಾಡಬೇಕು. ಮಾಡ್ತೀನಿ."

ಮಾಬೂಬಿ ಅವಳ ಮುಖವನ್ನೇ ನೋಡಿದಳು. ಈ ರುಜುವನ್ನು ಎಷ್ಟು ನಂಬಬೇಕು ಎಂದು ಅಳೆಯುತ್ತಿದ್ದಂತಿತ್ತು. ಆಮೇಲೆ ಹೊಲಿಗೆ ಬದಿಗಿಟ್ಟು, ಪಕ್ಕದ ಶೆಡ್ಡುಗಳ ಕಡೆ ತಿರುಗಿ ಎಲ್ಲರನ್ನೂ ಕೂಗಿದಳು. ಅನ್ನಪೂರ್ಣಾ ತಡೆದಳು. ಎಲ್ಲರೂ ಬರುವ ಅಗತ್ಯವಿಲ್ಲ, ಸಂಖ್ಯೆ ಯಂತ್ರವೇ ಕೊಟ್ಟಿದೆ, ಅರ್ಜಿಗೆ ಅಷ್ಟು ಸಾಕು ಎಂದಳು.

"ಸಂಖ್ಯೆ ಹ್ವಾದ ಸಲಾನೂ ಇತ್ತಲ್ರೀ," ಎಂದಳು ಮಾಬೂಬಿ. "ಹೆಸರು ಬರಕೋರಿ."

ಅನ್ನಪೂರ್ಣಾ ಚೀಲದಿಂದ ಕಾಗದ ತೆಗೆದಳು. ಮೊದಲ ಹೆಸರು ಬರೆದು ತಲೆ ಎತ್ತುವಷ್ಟರಲ್ಲಿ ಸಾಲು ಗಿರಣಿಯ ಗೇಟು ದಾಟಿ ರಸ್ತೆಯವರೆಗೆ ನಿಂತಿತ್ತು.